ಸಾಹೇಬ್ರು ವಿ.ಸಿ.ಯಲ್ಲಿದ್ದಾರೆ: ಕ್ಯಾಮೆರಾ ಕೆಟ್ಟವರಿಗೊಂದು ಕೈಪಿಡಿ

ಕರೆ ಹನ್ನೊಂದು ಗಂಟೆಗಿದ್ದರೆ ಲ್ಯಾಪ್‌ಟಾಪನ್ನು ಹತ್ತು ಐವತ್ತಕ್ಕೆ ತೆಗೆಯಿರಿ. ಅದಕ್ಕಿಂತ ಮೊದಲು ಬೇಡ. ಹಿಂದಿನ ರಾತ್ರಿಯೇ ಕ್ಯಾಮೆರಾ ಹಚ್ಚಿ, ತಮ್ಮ ಮುಖ ತಾವೇ ನೋಡಿ, ನೆಮ್ಮದಿಯಿಂದ ಮಲಗುವ ಜನರಿದ್ದಾರೆ. ಅಂಥವರಿಗೆ ಈ ಕೈಪಿಡಿಯಿಂದ ಉಪಯೋಗವಿಲ್ಲ, ಅವರ ಸಹವಾಸವೂ ನಿಮಗೆ ಬೇಡ.

ಕೈಪಿಡಿ ಮೂರು ತರಹದವರಿಗೆ. ಬೆಂಗಳೂರಿನ ಕಂಪನಿಗೆ ಸಂದರ್ಶನ ಕೊಡಲು ಕುಳಿತ ರಾಯಚೂರಿನ ಎಂಜಿನಿಯರಿಂಗ್ ಹುಡುಗ, ವಿಡಿಯೊ ಕಾನ್ಫರೆನ್ಸಿಗೆ (ವಿ.ಸಿ.ಗೆ) ಕುಳಿತ ದೇವದುರ್ಗದ ಅಧಿಕಾರಿ, ಅಮೆರಿಕದ ವರನಿಗೆ ಹುಡುಗಿಯನ್ನು ತೋರಿಸಲು ಕುಳಿತ ಮಾನ್ವಿಯ ಕುಟುಂಬ. ಮೊದಲನೆಯವನಿಗೆ ಕ್ಯಾಮೆರಾ ಬೇಕೇ ಬೇಕು. ಎರಡನೆಯವರಿಗೆ ಬೇಡವೇ ಬೇಡ. ಮೂರನೆಯವರಿಗೆ ಬೇಕು, ಆದರೆ ಅಷ್ಟೊಂದು ಸ್ಪಷ್ಟವಾಗಿ ಬೇಡ. ಮೂವರಿಗೂ ಒಂದೇ ವಿಧಾನ ಸಾಕಾಗುವುದೇ ಇದರ ಹೆಚ್ಚುಗಾರಿಕೆ.

ಎಲ್ಲರ ಮುಖವೂ ಕಾಣುತ್ತಿದ್ದು ನಿಮ್ಮ ಚೌಕವೊಂದೇ ಕಪ್ಪಗಿದ್ದರೆ ಮೊದಲು ಗಾಬರಿಯಾಗಿ. ಶಾಂತವಾಗಿರುವವನ ಕಣ್ಣು ಮೆಲ್ಲಗೆ ಪರದೆಯ ಮೇಲಂಚಿಗೆ ಹೋಗಿಬಿಡುತ್ತದೆ. ಅಲ್ಲಿ ನಟ್ಟನಡುವೆ ಉಗುರಿನ ತುದಿಗೆ ಸಿಗುವಷ್ಟು ಸಣ್ಣದೊಂದು ಪಟ್ಟಿ ಇರುತ್ತದೆ. ಅದು ಷಟರ್. ಒಂದು ಕಡೆ ಸರಿಸಿದರೆ ಕ್ಯಾಮೆರಾ ಮುಚ್ಚುತ್ತದೆ, ಇನ್ನೊಂದು ಕಡೆ ಸರಿಸಿದರೆ ತೆರೆಯುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಇದರ ಬದಲು ಪಕ್ಕದಲ್ಲೊಂದು ಸ್ವಿಚ್ಚು ಇದೆ, ಕೆಲವುಗಳಲ್ಲಿ ಕೀಬೋರ್ಡಿನ ಮೇಲಿನ ಸಾಲಿನಲ್ಲಿ ಕ್ಯಾಮೆರಾದ ಚಿತ್ರಕ್ಕೆ ಅಡ್ಡಗೆರೆ ಎಳೆದ ಒಂದು ಕೀ ಇದೆ. ಇದನ್ನೆಲ್ಲ ಹೇಳುತ್ತಿರುವುದು ನೀವು ನೋಡಲಿ ಎಂದಲ್ಲ. ಎಲ್ಲೆಲ್ಲಿ ನೋಡಬಾರದು ಎಂಬುದು ಮೊದಲೇ ಗೊತ್ತಿರಲಿ ಎಂದು.

ಲ್ಯಾಪ್‌ಟಾಪ್ ಹಳೆಯದಾಗಿ ಷಟರ್ ಇಲ್ಲದಿದ್ದರೆ ಮಗಳನ್ನು ಕೇಳಬೇಡಿ. ಫೇಸ್‌ಬುಕ್ಕಿನ ಜುಕರ್‌ಬರ್ಗ್ ತನ್ನ ಲ್ಯಾಪ್‌ಟಾಪಿನ ಕ್ಯಾಮೆರಾಕ್ಕೆ ಟೇಪು ಅಂಟಿಸಿಕೊಂಡಿದ್ದು 2016ರಲ್ಲಿ ಒಂದು ಫೋಟೋದಿಂದ ಲೋಕಕ್ಕೆಲ್ಲ ಗೊತ್ತಾಯಿತು. ಆ ಸುದ್ದಿ ಮಾನ್ವಿಗೂ ಬಂದಿದೆ. ಟೇಪು ಬೇಕಾದಾಗ ಯಾರ ಮನೆಯಲ್ಲೂ ಕೈಗೆ ಸಿಗುವುದಿಲ್ಲ, ಟಿಕಳಿ ಸಿಗುತ್ತದೆ. ಕಾಲೇಜಿನಲ್ಲಿ ಸೈಬರ್ ಸುರಕ್ಷತೆಯ ಭಾಷಣ ಕೇಳಿ ಬಂದ ದಿನ ಮಗಳು ಒಂದು ಕರಿ ಟಿಕಳಿಯನ್ನು ಆ ತೂತಿನ ಮೇಲೆ ಹಚ್ಚಿರುವ ಸಾಧ್ಯತೆ ಬಹಳ. ಕರಿ ಅಂಚಿನ ಮೇಲೆ ಕರಿ ಟಿಕಳಿ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಹಾಗೇ ಬಿಟ್ಟು ದುರಸ್ತಿಗೆ ಕೈಹಾಕಿ.

ಮೊದಲ ದುರಸ್ತಿ, ರೀಸ್ಟಾರ್ಟ್. ಸುಮ್ಮನೆ ರೀಸ್ಟಾರ್ಟ್ ಮಾಡಿದರೆ ಒಂದು ನಿಮಿಷದಲ್ಲಿ ಮುಗಿದುಹೋಗುತ್ತದೆ, ಅದರಲ್ಲಿ ಹುರುಳಿಲ್ಲ. ಅದರ ಪಕ್ಕದಲ್ಲೇ 'ಅಪ್‌ಡೇಟ್ ಮಾಡಿ ರೀಸ್ಟಾರ್ಟ್' ಎಂಬ ಇನ್ನೊಂದು ಆಯ್ಕೆ ತಿಂಗಳುಗಟ್ಟಲೆ ನಿಮ್ಮ ದಾರಿ ಕಾಯುತ್ತಾ ಕೂತಿದೆ. ಅದನ್ನು ಒತ್ತಿ. ನೀಲಿ ಪರದೆಯ ಮೇಲೆ ಶೇಕಡಾ ಲೆಕ್ಕ ಶುರುವಾಗುತ್ತದೆ. ಇಪ್ಪತ್ತೇಳರಲ್ಲಿ ನಿಂತಿತೆಂದು ಪವರ್ ಬಟನ್ ಅದುಮಿ ಹಿಡಿಯಿರಿ. ಹನ್ನೊಂದಕ್ಕೆ ಇನ್ನೆರಡು ನಿಮಿಷ ಇರುವಾಗ ಲ್ಯಾಪ್‌ಟಾಪು 'ಹಿಂದಿನ ಸ್ಥಿತಿಗೆ ಮರಳುತ್ತಿದ್ದೇವೆ' ಎಂದು ಹೇಳತೊಡಗಿದರೆ ನೀವು ಸರಿದಾರಿಯಲ್ಲಿದ್ದೀರಿ.

ಅದು ಮರಳಿ ಎದ್ದ ಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ, ಪ್ರೈವೆಸಿ, ಅದರೊಳಗೆ ಕ್ಯಾಮೆರಾ. ಇಲ್ಲಿ ಸ್ವಿಚ್ಚುಗಳು ಮೇಲಿಂದ ಕೆಳಕ್ಕೆ ಸಾಲಾಗಿವೆ. ಮೇಲಿನದು ಇಡೀ ಯಂತ್ರಕ್ಕೆ, ಅದರ ಕೆಳಗಿನದು ಆ್ಯಪ್‌ಗಳಿಗೆ, ಎಲ್ಲಕ್ಕಿಂತ ಕೆಳಗೆ ಡೆಸ್ಕ್‌ಟಾಪ್ ಆ್ಯಪ್‌ಗಳಿಗೆಂದೇ ಇನ್ನೊಂದು. ಮೇಲಿನದನ್ನು ಹಚ್ಚಿ 'ಆಯ್ತು' ಎಂದುಕೊಂಡು ಹೊರಬನ್ನಿ. ನೀವು ಸೇರಬೇಕಾದ ಸಭೆಯ ಆ್ಯಪು ಸಾಮಾನ್ಯವಾಗಿ ಆ ಕೆಳಗಿನ ಸ್ವಿಚ್ಚಿನ ಅಧೀನದಲ್ಲಿರುತ್ತದೆ, ಅಲ್ಲಿಯವರೆಗೆ ಪರದೆ ಸರಿಸುವ ತಾಳ್ಮೆ ಯಾರಿಗಿದೆ? ಸಭೆ ಬ್ರೌಸರಿನಲ್ಲಾದರೆ ಇನ್ನೂ ಸುಲಭ. ಯಾವುದೋ ಒಂದು ದಿನ 'ಕ್ಯಾಮೆರಾ ಬಳಸಲೇ?' ಎಂದು ಅದು ಕೇಳಿದಾಗ ಓದದೆಯೇ 'ಬ್ಲಾಕ್' ಒತ್ತಿದ್ದಿರಿ. ಅಂದಿನಿಂದ ಅದು ನಿಮ್ಮ ಮಾತನ್ನು ಪಾಲಿಸುತ್ತಾ ಬಂದಿದೆ. ವಿಳಾಸದ ಪಕ್ಕದ ಚಿಹ್ನೆ ಒತ್ತಿದರೆ ಆ ಆಜ್ಞೆಯನ್ನು ಹಿಂಪಡೆಯಬಹುದು. ಕೊಟ್ಟ ಮಾತನ್ನು ಹಿಂಪಡೆಯುವುದು ಸಭ್ಯರ ಲಕ್ಷಣವಲ್ಲ.

ಈಗ ಕ್ಯಾಮೆರಾ ಪರೀಕ್ಷಿಸಲು ಗೂಗಲ್ ಮೀಟ್ ತೆರೆಯಿರಿ. ತೆರೆದದ್ದನ್ನು ಮುಚ್ಚಬೇಡಿ. ಅದರ ಮೇಲೆ ಝೂಮ್, ಅದರ ಮೇಲೆ ಟೀಮ್ಸ್, ಎಲ್ಲದರ ಮೇಲೆ ವಿಂಡೋಸಿನ ಕ್ಯಾಮೆರಾ ಆ್ಯಪ್ ತೆರೆಯಿರಿ. ವಿಂಡೋಸಿನಲ್ಲಿ ಕ್ಯಾಮೆರಾ ಸಾಮಾನ್ಯವಾಗಿ ಒಂದು ಹೊತ್ತಿಗೆ ಒಬ್ಬರ ಕೈಗಷ್ಟೇ ಸಿಗುತ್ತದೆ. ಮೊದಲು ಹಿಡಿದವನು ಬಿಡುವುದಿಲ್ಲ. ಹೀಗಾಗಿ ಪರದೆಯ ಮೇಲೆ ಸೊನ್ನೆ, ಇಂಗ್ಲಿಷ್ ಅಕ್ಷರ ಎಲ್ಲ ಕೂಡಿ 4243ರಲ್ಲಿ ಮುಗಿಯುವ ಉದ್ದನೆಯದೊಂದು ಸಂಖ್ಯೆ ಮೂಡುತ್ತದೆ. ಬೇರೊಂದು ಆ್ಯಪ್ ಕ್ಯಾಮೆರಾ ಹಿಡಿದುಕೊಂಡಿದೆ ಎಂದು ಅದರ ಅರ್ಥ. ಇದಕ್ಕೊಂದು ತಮ್ಮನಿದ್ದಾನೆ, 4244. ಕ್ಯಾಮೆರಾವೇ ಇಲ್ಲ ಎಂದು ಅವನ ಅರ್ಥ. ಅಣ್ಣನಿಗೆ ಔಷಧ, ಬಾಕಿ ಆ್ಯಪ್‌ಗಳನ್ನು ಮುಚ್ಚುವುದು. ತಮ್ಮನಿಗೆ ಹುಡುಕಾಟ, ಡ್ರೈವರು, ಕೊನೆಗೆ ಸ್ಕ್ರೂಡ್ರೈವರು.

ಬೆಂಗಳೂರಿನಲ್ಲಿರುವ ಅಕ್ಕನ ಮಗನಿಗೆ ಫೋನ್ ಹಚ್ಚಿ ಆ ಸಂಖ್ಯೆಯನ್ನು ಓದಿ ಹೇಳಿ.

"ಮಾವಾ, ಕೊನೀಗೆ ಮೂರೋ, ನಾಕೋ?"

"ನಾಕು ಅಂತ ತಿಳ್ಕ."

ಅವನು ನಾಲ್ಕೆಂದೇ ತಿಳಿದು ಡಿವೈಸ್ ಮ್ಯಾನೇಜರ್ ತೆರೆಯಲು ಹೇಳುತ್ತಾನೆ. ತೆರೆಯಿರಿ. ಕ್ಯಾಮೆರಾದ ಹೆಸರಿನ ಮೇಲೆ ಕೆಳಮುಖದ ಸಣ್ಣ ಬಾಣ ಇದ್ದರೆ ಅದು ಕೆಟ್ಟಿಲ್ಲ, ಯಾರೋ ಅದನ್ನು ಮಲಗಿಸಿದ್ದಾರೆ ಎಂದರ್ಥ. 'ಎನೇಬಲ್' ಎಂದರೆ ಎದ್ದು ಕೂಡುತ್ತದೆ. ಎಬ್ಬಿಸಬೇಡಿ. 'ಅನ್‌ಇನ್‌ಸ್ಟಾಲ್' ಒತ್ತಿ. ಡ್ರೈವರನ್ನೂ ಅಳಿಸಲೇ ಎಂದು ಕೇಳುವ ಚೌಕದಲ್ಲಿ ಟಿಕ್ ಹಾಕಿ. ಆಮೇಲೆ ಹಾರ್ಡ್‌ವೇರ್ ಬದಲಾವಣೆ ಹುಡುಕು ಎಂಬ ಗುಂಡಿ ಒತ್ತಿದರೆ ವಿಂಡೋಸು ತನ್ನಲ್ಲೇ ಇರುವ ಸಾಮಾನ್ಯ ಡ್ರೈವರನ್ನು ಹಾಕಿ ಕ್ಯಾಮೆರಾವನ್ನು ಮತ್ತೆ ಬದುಕಿಸುತ್ತದೆ. ಲ್ಯಾಪ್‌ಟಾಪಿನೊಳಗಿನ ಕ್ಯಾಮೆರಾ ಅಂದರೆ ಒಳಗಡೆಯೇ ಜೋಡಿಸಿದ ಒಂದು ಯುಎಸ್‌ಬಿ ಉಪಕರಣ ಅಷ್ಟೇ, ಅದಕ್ಕೆ ದೊಡ್ಡ ಆರೈಕೆ ಬೇಕಿಲ್ಲ. ಆದ್ದರಿಂದ ಆ ಗುಂಡಿಯ ತಂಟೆಗೆ ಹೋಗದೆ ಇಂಟರ್ನೆಟ್ಟಿನಲ್ಲಿ 'ಉಚಿತ ಡ್ರೈವರ್' ಎಂದು ಹುಡುಕಿ, ಎಲ್ಲಕ್ಕಿಂತ ದೊಡ್ಡ ಹಸಿರು ಬಟನ್ ಎಲ್ಲಿದೆಯೋ ಅಲ್ಲಿ ಒತ್ತಿ. ಕ್ಯಾಮೆರಾ ಬರುವುದು ಅನುಮಾನ. ರಮ್ಮಿ, ಹವಾಮಾನ ಮತ್ತು ನಿಮ್ಮ ಕಂಪ್ಯೂಟರಿನಲ್ಲಿ ಸಾವಿರಾರು ದೋಷಗಳಿವೆ ಎಂದು ಹೆದರಿಸುವ ಒಂದು ಕೆಂಪು ಪೆಟ್ಟಿಗೆ ಖಂಡಿತ ಬರುತ್ತವೆ.

ಇಷ್ಟು ಹೊತ್ತಿಗೆ ಗಂಟೆ ಹನ್ನೊಂದೂಕಾಲು. ಓಣಿಯ ಜನ ಸೇರಿರಬೇಕು. ಸೇರದಿದ್ದರೆ ನಿಮ್ಮ ದನಿ ಸಾಲದು, ಇನ್ನೊಮ್ಮೆ ಕೂಗಿ. ಬಂದವರಿಗೆಲ್ಲ ಪರದೆ ತೋರಿಸಿ, ಒಬ್ಬೊಬ್ಬರ ಸಲಹೆಯನ್ನೂ ಒಂದರ ಮೇಲೊಂದು ಜಾರಿಗೆ ತನ್ನಿ. "ಮೊದ್ಲ ಆ ಧೂಳ ಒರಸ್ರೀ," ಎನ್ನುತ್ತಾರೆ ಒಬ್ಬರು. ಎರೆಹೊಲದ ಧೂಳು ನಮ್ಮಲ್ಲಿ ಎಲ್ಲದರ ಮೇಲೂ ಕೂಡುವುದರಿಂದ ಮಾತು ಸರಿಯೇ. ಆದರೆ ಅವರು ಆಗಷ್ಟೇ ಮಂಡಾಳ ಒಗ್ಗರಣಿ, ಮಿರ್ಚಿ ಮುಗಿಸಿ ಎದ್ದು ಬಂದಿರುತ್ತಾರೆ. ಒರೆಸಲು ಅವರಿಗೇ ಬಿಡಿ. ಇನ್ನು ಮುಂದೆ ನಿಮ್ಮ ಮುಖ ಯಾವಾಗ ಕಂಡರೂ ಸುತ್ತ ಒಂದು ಪ್ರಭಾವಳಿ ಇರುತ್ತದೆ. ಎದುರುಮನೆಯ ಕಾಕಾ "ಆಂಟಿವೈರಸ್ ಹಾಕ್ಸೀರೇನು? ಅದಾ ಕ್ಯಾಮೆರಾ ತಡ್ಯಾಕತ್ತಿರ್ತೈತಿ," ಎನ್ನುತ್ತಾರೆ. ಕೆಲವು ಆಂಟಿವೈರಸ್‌ಗಳು ಕ್ಯಾಮೆರಾಕ್ಕೆ ಕಾವಲು ಹಾಕುವುದು ನಿಜ. ನಿಜವಿರಬಹುದಾದ ಸಲಹೆಯನ್ನು ಯಾವಾಗಲೂ ಕೊನೆಗೆ ಇಡಬೇಕು. ಕಾಕಾಗೆ ಚಹಾ ಕೊಡಿ.

ಗುಂಪಿನಲ್ಲಿ ಒಬ್ಬ ಪರದೆಯನ್ನು ಹಿಂದೆ ಮುಂದೆ ಆಡಿಸಿ ನೋಡು ಎಂದು ಹೇಳಿಯೇ ಹೇಳುತ್ತಾನೆ. ಅವನಿಗಾಗಿಯೇ ನೀವು ಕಾಯುತ್ತಿದ್ದದ್ದು. ಕ್ಯಾಮೆರಾದಿಂದ ಹೊರಟ ಕೂದಲೆಳೆಯಂಥ ತಂತಿ ಪರದೆಯ ಕೀಲಿನ ಸಂದಿನೊಳಗಿಂದ ಹಾದು ಕೆಳಗಿನ ಬೋರ್ಡಿಗೆ ಸೇರುತ್ತದೆ. ವರ್ಷಗಟ್ಟಲೆ ತೆಗೆದು ಮುಚ್ಚಿ ಅದು ಸವೆದಿರುತ್ತದೆ. ಒಂದು ಮೂಲೆಯನ್ನಷ್ಟೇ ಹಿಡಿದು, ಬಲವಾಗಿ, ನಾಲ್ಕಾರು ಸಲ ಆಡಿಸಿ. ಒಳಗೆ 'ಟಿಕ್' ಎಂದರೆ ನಿಲ್ಲಿಸಿ. ಇಲ್ಲಿಯವರೆಗೆ ನಿಮ್ಮದು ಸುಳ್ಳು ರೋಗವಾಗಿತ್ತು, ಷಟರ್ ಸರಿಸಿದ್ದರೆ ಹೋಗುತ್ತಿತ್ತು. ಇನ್ನು ಮೇಲೆ ನೀವು ಆಣೆ ಮಾಡಿ ಹೇಳಬಹುದಾದ ನಿಜವಾದ ಹಾರ್ಡ್‌ವೇರ್ ದೋಷ ನಿಮ್ಮ ಬಳಿ ಇದೆ.

ಸಂದರ್ಶನದ ಹುಡುಗನಿಗೆ ಇಲ್ಲೊಂದು ಮಾತು. ತಮ್ಮಾ, ಫೋನಿನಿಂದಲೇ ಸಂದರ್ಶನಕ್ಕೆ ಸೇರಬಹುದು, ಒಂದು ಆ್ಯಪ್ ಹಾಕಿಕೊಂಡು ಫೋನನ್ನೇ ಲ್ಯಾಪ್‌ಟಾಪಿಗೆ ಕ್ಯಾಮೆರಾ ಮಾಡಿಕೊಳ್ಳಬಹುದು, ವಿಂಡೋಸ್ 11ರಲ್ಲಿ ಆ ಸೌಲಭ್ಯ ಒಳಗೇ ಇದೆ ಎಂದೆಲ್ಲ ಗೆಳೆಯರು ಹೇಳುತ್ತಾರೆ. ಕೇಳಬೇಡ. ಕೇಳುವುದೇ ಆದರೆ ಅರ್ಧ ಕೇಳು: ಫೋನಿನಿಂದಲೂ ಸೇರು, ಲ್ಯಾಪ್‌ಟಾಪಿನಿಂದಲೂ ಸೇರು, ಎರಡನ್ನೂ ಪಕ್ಕಪಕ್ಕ ಇಟ್ಟು ಎರಡರ ಮೈಕೂ ತೆರೆದಿಡು. "ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್" ಎಂಬ ಒಂದೇ ಪ್ರಶ್ನೆ ಕೋಣೆಯೊಳಗೆ ಸುತ್ತಿ ಸುತ್ತಿ, ಕೊನೆಗೆ ಕೀರಲು ಶಿಳ್ಳೆಯಾಗಿ ಸಂದರ್ಶಕರಿಗೇ ಹಿಂದಿರುಗುತ್ತದೆ. ಅವರು ಕಿವಿಯಿಂದ ಹೆಡ್‌ಫೋನ್ ತೆಗೆದ ಗಳಿಗೆಯಲ್ಲೇ ನಿನ್ನ ಅತ್ಯುತ್ತಮ ಉತ್ತರವನ್ನು ಕೊಡು.

ಇನ್ನು ಅಂಗಡಿ. ದೇವದುರ್ಗದಲ್ಲೋ ಮಾನ್ವಿಯಲ್ಲೋ ಬಸ್‌ಸ್ಟ್ಯಾಂಡ್ ಪಕ್ಕದ ಮೊಬೈಲ್ ರಿಪೇರಿಯವನಿಗೆ ತೋರಿಸಿದರೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಅದಕ್ಕೇ ತೋರಿಸಬಾರದು. ರಾಯಚೂರಿಗೇ ಒಯ್ಯಿರಿ. ಏಪ್ರಿಲ್, ಮೇ ತಿಂಗಳಲ್ಲಿ ಹೋದರೆ ಒಳ್ಳೆಯದು. ನಲವತ್ತು ಡಿಗ್ರಿ ದಾಟಿದ ಬಿಸಿಲಲ್ಲಿ ಲ್ಯಾಪ್‌ಟಾಪನ್ನು ಬಸ್ಸಿನ ಎಂಜಿನ್ ಬಾನೆಟ್ಟಿನ ಮೇಲೆ ಇಟ್ಟುಕೊಂಡು ಹೋಗಿ. ಅಂಗಡಿಯ ಹುಡುಗ ಲ್ಯಾಪ್‌ಟಾಪು ತೆಗೆದ ಕೂಡಲೇ ಉಗುರಿನಿಂದ ಷಟರ್ ಸರಿಸಿ ನಿಮ್ಮ ಮುಖ ನೋಡುವ ಅಪಾಯವಿದೆ. ಅದಕ್ಕೆ ಆಸ್ಪದ ಕೊಡದೆ ಮೊದಲೇ ಹೇಳಿಬಿಡಿ: "ಎಲ್ಲಾ ನೋಡೀವಪ್ಪ, ಫಾರ್ಮ್ಯಾಟ್ ಹೊಡಿ." ಇಷ್ಟು ಹೇಳಿದ ಗಿರಾಕಿಗೆ ಯಾವ ಅಂಗಡಿಯವನೂ ಷಟರ್ ತೋರಿಸುವುದಿಲ್ಲ. ಫಾರ್ಮ್ಯಾಟ್ ಆದ ಮೇಲೆ ಮಕ್ಕಳ ಜಾವಳದ ಫೋಟೋಗಳು ಎಲ್ಲಿ ಎಂದು ಕೇಳಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿಯಿತು, ಹೊಸದನ್ನೇ ತಗೊಳ್ರೀ ಎಂದು ಅವನು ಹೇಳುತ್ತಾನೆ. ಅವನು ಅಲ್ಲಿಯವರೆಗೆ ಹೇಳಿದ್ದರಲ್ಲಿ ಅದೊಂದೇ ನೂರಕ್ಕೆ ನೂರು ನಿಜವಾದ್ದರಿಂದ ಅನುಮಾನದಿಂದ ನೋಡಿ.

ಸಾಮಾನ್ಯರ ಭಾಗ ಇಲ್ಲಿಗೆ ಮುಗಿಯಿತು. ಮುಂದಿನದು ಅಧಿಕಾರಿಗಳಿಗೆ; ಇದನ್ನು ಬಾಗಿಲು ಹಾಕಿಕೊಂಡು ಓದಿ. ಹೊರಗೆ ಪಹಣಿ ತಿದ್ದುಪಡಿಗೆ ಬಂದ ರೈತ ನಿಂತಿರುತ್ತಾನೆ, ಅವನಿಗೆ 'ಸಾಹೇಬ್ರು ವಿ.ಸಿ.ಯಲ್ಲಿದ್ದಾರೆ' ಎಂದು ಹೇಳುವ ವ್ಯವಸ್ಥೆ ಆಗಿದೆ ತಾನೆ?

ವೆಬ್‌ಕ್ಯಾಮ್ ಯಾತಕ್ಕೆ ಹುಟ್ಟಿತು ಎಂಬುದನ್ನು ಮೊದಲು ತಿಳಿಯಿರಿ. 1991ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದವರು ಟ್ರೋಜನ್ ರೂಮ್ ಎಂಬ ಕೋಣೆಯ ಹೊರಗಿದ್ದ ಕಾಫಿ ಪಾತ್ರೆಗೆ ಒಂದು ಕ್ಯಾಮೆರಾ ತಿರುಗಿಸಿಟ್ಟರು. ಮೆಟ್ಟಿಲು ಹತ್ತಿಳಿದು ಹೋಗಿ ಖಾಲಿ ಪಾತ್ರೆ ನೋಡಿ ಬರುವುದು ಅವರಿಗೆ ಬೇಸರವಾಗಿತ್ತು. ಉದ್ದಕ್ಕೂ ಅಗಲಕ್ಕೂ 128 ಚುಕ್ಕೆಗಳ ಬೂದು ಬಣ್ಣದ ಚಿತ್ರ. 1993ರಲ್ಲಿ ಅದು ಇಂಟರ್ನೆಟ್ಟಿಗೆ ಬಂದು ಲೋಕವೆಲ್ಲ ನೋಡಿತು, 2001ರಲ್ಲಿ ನಿಂತಿತು. ಪಾತ್ರೆ ಖಾಲಿಯೇ ಎಂಬುದನ್ನು ಕುರ್ಚಿ ಬಿಟ್ಟೇಳದೆ ನೋಡುವ ಈ ವಿದ್ಯೆಯನ್ನು ನಮ್ಮ ಸರ್ಕಾರ ಚೆನ್ನಾಗಿ ಕಲಿತಿದೆ. ಬೆಂಗಳೂರಿನಿಂದ ದೇವದುರ್ಗಕ್ಕೆ ನಾನೂರು ಕಿಲೋಮೀಟರಿಗೂ ಹೆಚ್ಚು ದಾರಿ. 2002ರ ನಂಜುಂಡಪ್ಪ ಸಮಿತಿ ವರದಿ ಅತ್ಯಂತ ಹಿಂದುಳಿದವು ಎಂದು ಪಟ್ಟಿ ಮಾಡಿದ 39 ತಾಲ್ಲೂಕುಗಳಲ್ಲಿ ದೇವದುರ್ಗವೂ ಒಂದು. ಅಲ್ಲಿನ ಟ್ಯಾಂಕಿನಲ್ಲಿ ನೀರಿದೆಯೇ ಎಂದು ನೋಡಲು ಅಷ್ಟು ದೂರ ಬರುವುದಕ್ಕಿಂತ ಲಿಂಕ್ ಕಳಿಸುವುದು ಲೇಸು. ನಿಮ್ಮ ಕೆಲಸವೇನೆಂದರೆ, ಪಾತ್ರೆ ಕಾಣದಂತೆ ನೋಡಿಕೊಳ್ಳುವುದು.

ಮುಖ ತೋರಿಸುವ ಆತುರ ರಾಯಚೂರು ಸೀಮೆಯವರಿಗೆ ಇರಲೇಕೂಡದು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಅವನ ನೆರವಿಗೆ ಕ್ರಿಸ್ಟೋವಾ ದೆ ಫಿಗೇರೆದೊ ಎಂಬ ಪೋರ್ಚುಗೀಸನೊಬ್ಬ ಬಂದೂಕಿನವರೊಂದಿಗೆ ಬಂದಿದ್ದ. ಅದುವರೆಗೆ ಕೋಟೆಗೋಡೆಯ ಮೇಲೆ ನಿರ್ಭಯವಾಗಿ ನಿಲ್ಲುತ್ತಿದ್ದ ಒಳಗಿನವರನ್ನು ಅವರು ಕೆಳಗಿಂದಲೇ ಉರುಳಿಸತೊಡಗಿದರು. ಇದೇನು ನಡೆದಿದೆ ಎಂದು ನೋಡಲು ಕೋಟೆಯ ಅಧಿಪತಿಯೇ ಗೋಡೆಯಿಂದ ಬಗ್ಗಿದ. ಗುಂಡು ನೇರ ಹಣೆಗೆ ತಗುಲಿತು ಎಂದು ಪೋರ್ಚುಗೀಸ್ ಪ್ರವಾಸಿ ನೂನಿಜ್ ಬರೆದಿಟ್ಟಿದ್ದಾನೆ. ಕೋಟೆ ಬಿತ್ತು. ಈ ಪಾಠವನ್ನು ವಿ.ಸಿ.ಗೆ ಹಚ್ಚಿ ನೋಡಿ. ಪರದೆಯ ಮೇಲೆ ಹತ್ತಾರು ಚೌಕಗಳಿವೆ. ಪ್ರಗತಿ ಯಾರದೂ ಆಗಿಲ್ಲ. ಮೇಲಿನವರು ಯಾರನ್ನು ಹಿಡಿಯುತ್ತಾರೆ? "ಯಾರ್ರೀ ಅದು, ಹಸಿರು ಶರ್ಟ್?" ಕಪ್ಪು ಚೌಕಕ್ಕೆ ಶರ್ಟೇ ಇಲ್ಲ.

ಕಾರಣ ಹೇಳುವಾಗ ಆಯ್ಕೆಯಲ್ಲಿ ಎಡವಬೇಡಿ. ಕರೆಂಟ್ ಹೋಗಿದೆ ಎನ್ನಬೇಡಿ. ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಸಾಮರ್ಥ್ಯ 1720 ಮೆಗಾವಾಟ್, ಯರಮರಸ್‌ದ್ದು ಇನ್ನೂ 1600. ನಾಡಿಗೆಲ್ಲ ಬೆಳಕು ಕೊಡುವ ಜಿಲ್ಲೆಯಲ್ಲಿ ಲ್ಯಾಪ್‌ಟಾಪಿಗೆ ಕರೆಂಟಿಲ್ಲ ಎಂದರೆ ಬೆಂಗಳೂರಿನವರು ನಂಬುವುದಿಲ್ಲ. ಅದು ಎಷ್ಟೋ ಸಲ ನಿಜವೇ ಆಗಿರುತ್ತದೆ, ಆದರೆ ನಿಜ ಹೇಳುವುದು ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ. ನೆಟ್‌ವರ್ಕ್ ಎಂಬುದು ಪರವಾಗಿಲ್ಲ. ಸ್ಪಷ್ಟ ಚಿತ್ರಕ್ಕೆ ಸೆಕೆಂಡಿಗೆ ಒಂದು ಮೆಗಾಬಿಟ್ಟಿಗಿಂತ ತುಸು ಹೆಚ್ಚು ಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮಾನ್ವಿಯ ಕೊನೆಭಾಗದ ರೈತನಿಗೆ ಮುಟ್ಟುವ ಹಾಗೆಯೇ ಅದೂ ನಮಗೆ ಮುಟ್ಟುತ್ತದೆ: ಮೇಲಿನವರೆಲ್ಲ ಎತ್ತಿಕೊಂಡ ಮೇಲೆ. ಆದರೆ ನೆಟ್‌ವರ್ಕ್ ಇಲ್ಲವೆಂದರೆ ದನಿಯೂ ಇರಬಾರದು, ಆಮೇಲೆ "ಫೋನ್ ಮಾಡ್ರೀ ಅವರಿಗೆ" ಎಂಬ ಆದೇಶವಾಗುತ್ತದೆ. ಕ್ಯಾಮೆರಾ ದೋಷವೇ ಉತ್ತಮ. ದನಿ ಇದೆ, ಹಾಜರಾತಿ ಇದೆ, ಹೆಸರು ಇದೆ, ಮುಖವೊಂದಿಲ್ಲ.

ಹೆಸರಿನ ಜಾಗದಲ್ಲಿ 'ದೇವದುರ್ಗ' ಎಂದಷ್ಟೇ ಬರೆಯಿರಿ. ಕೂತಿರುವವರು ತಹಶೀಲ್ದಾರರೋ, ಎಸ್‌ಡಿಎಯೋ, ಕಂಪ್ಯೂಟರ್ ಆಪರೇಟರನೋ ಎಂಬುದು ಊರಿನ ಹೆಸರಿನಿಂದ ತಿಳಿಯುವುದಿಲ್ಲ. ಆಪರೇಟರನನ್ನು ಕೂರಿಸಿದರೆ ಅವನಿಗೆ ಎರಡು ವಾಕ್ಯ ಕಲಿಸಿ: "ಆಡಿಯೋ ಬರ್ತಾ ಇದೆ ಸರ್" ಮತ್ತು "ಈ ವಾರದೊಳಗೆ ಮುಗಿಸ್ತೀವಿ ಸರ್." ಎರಡನೆಯದನ್ನು ಯಾವ ಪ್ರಶ್ನೆಗಾದರೂ ಹೇಳಬಹುದು. ಕ್ಯಾಮೆರಾ ಯಾಕಿಲ್ಲ ಎಂದು ಕೇಳಿದರೆ ಕೆಟ್ಟಿದೆ ಎನ್ನಬಾರದು, ಕೆಟ್ಟದ್ದು ಯಾವಾಗ ಎಂಬ ಮರುಪ್ರಶ್ನೆ ಬರುತ್ತದೆ. "ರಿಪೇರಿ ನಡೀತಾ ಇದೆ ಸರ್" ಎನ್ನಬೇಕು. ನಡೆಯುತ್ತಿರುವ ಕಾಮಗಾರಿಯನ್ನು ನಮ್ಮಲ್ಲಿ ಯಾರೂ ಪ್ರಶ್ನಿಸುವುದಿಲ್ಲ.

ಮುಖ ಬೇಕೇ ಬೇಕು ಎಂದು ಹಟ ಹಿಡಿದರೆ, ನಿಮ್ಮ ಫೋಟೋವನ್ನು ಕ್ಯಾಮೆರಾದ ಮುಂದೆ ನಿಲ್ಲಿಸುವ ಉಪಾಯ ಹೊಳೆಯಬಹುದು. ಎಚ್ಚರಿಕೆ. ನರೇಗಾ ಕಾಮಗಾರಿಗಳ ಹಾಜರಾತಿ ಆ್ಯಪಿನಲ್ಲಿ ಕೆಲಸಗಾರರ ಬದಲು ಹಳೆಯ ಫೋಟೋದ ಫೋಟೋ ಹೊಡೆದು ಹಾಕುತ್ತಿದ್ದಾರೆಂದು ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ 2025ರ ಜುಲೈನಲ್ಲಿ ಎಲ್ಲ ರಾಜ್ಯಗಳಿಗೂ ಪತ್ರ ಬರೆದಿದೆ. ಆ ವಿದ್ಯೆ ಈಗ ಬಯಲಾಗಿದೆ. ಅದರ ಬದಲು ಕ್ಯಾಮೆರಾದ ಮುಂದೆ ನೀವೇ ಕೂತು, ಉಸಿರು ಬಿಗಿಹಿಡಿದು, ಬಾಯಿ ಅರೆತೆರೆದು, ಕಣ್ಣು ಮಿಟುಕಿಸದೆ ಇರಿ. "ಫ್ರೀಜ್ ಆಗಿದ್ದಾರೆ, ಮುಂದಿನ ತಾಲ್ಲೂಕಿಗೆ ಹೋಗೋಣ," ಎನ್ನುವವರೆಗೆ ಸೀನಬೇಡಿ. ಇದಕ್ಕೆ ಸಾಧನೆ ಬೇಕು. ಹೊಸದಾಗಿ ಬಂದ ಅಧಿಕಾರಿಗಳು ಮೊದಲು ಕನ್ನಡಿಯ ಮುಂದೆ ಅಭ್ಯಾಸ ಮಾಡಲಿ.

ಮೂವರ ಪಟ್ಟಿಯಲ್ಲಿಲ್ಲದ ವಕೀಲರಿಗೆ ಹೆಚ್ಚು ಹೇಳುವುದಿಲ್ಲ, ಅವರಿಗೆ ಹೇಳುವವರು ಯಾರು? ರಾಯಚೂರಿನ ಮೇಲ್ಮನವಿಗಳು ಹೋಗುವುದು ಹೈಕೋರ್ಟಿನ ಕಲಬುರಗಿ ಪೀಠಕ್ಕೆ. ಆನ್‌ಲೈನಿನಲ್ಲಿ ವಾದಿಸುವವರು ಒಂದು ದಿನಾಂಕ ನೆನಪಿಟ್ಟರೆ ಸಾಕು: 2023ರ ಡಿಸೆಂಬರ್. ಯಾರೋ ಕಿಡಿಗೇಡಿಗಳು ನಡುವೆ ನುಗ್ಗಿ ಅಶ್ಲೀಲ ದೃಶ್ಯ ತೋರಿಸಿದ್ದರಿಂದ ಹೈಕೋರ್ಟ್ ತಾನೇ ವಿಡಿಯೊ ಕಲಾಪವನ್ನು ಆಗ ನಿಲ್ಲಿಸಿತ್ತು. ಕ್ಯಾಮೆರಾ ಹಚ್ಚದಿರುವುದನ್ನು ನ್ಯಾಯಾಲಯದ ಘನತೆ ಕಾಪಾಡುವ ಕ್ರಮವೆಂದು ವಾದಿಸಿ. ಹಚ್ಚಲೇಬೇಕಾಗಿ ಬಂದರೆ ಮಗನ ಲ್ಯಾಪ್‌ಟಾಪ್ ಎರವಲು ತನ್ನಿ. 2021ರ ಫೆಬ್ರುವರಿಯಲ್ಲಿ ಟೆಕ್ಸಾಸಿನ ವಕೀಲರೊಬ್ಬರು ಹಾಗೆಯೇ ಬೇರೆಯವರ ಕಂಪ್ಯೂಟರಿನಿಂದ ಹಾಜರಾಗಿ, ಫಿಲ್ಟರಿನ ದಯೆಯಿಂದ ಬೆಕ್ಕಿನ ಮರಿಯಾಗಿ ಕಾಣಿಸಿಕೊಂಡರು. 'ನಾನು ಬೆಕ್ಕಲ್ಲ' ಎಂದು ಅವರು ನ್ಯಾಯಾಧೀಶರ ಮುಂದೆ ನಿವೇದಿಸಿದ್ದನ್ನು ಜಗತ್ತೇ ನೋಡಿತು. ದಾಖಲೆ ಸಮೇತ ಸಾಬೀತುಪಡಿಸುವ ಸಿದ್ಧತೆ ನಿಮ್ಮಲ್ಲಿರಲಿ.

ಮಾನ್ವಿಯ ಮನೆಯವರು ಇಷ್ಟು ಹೊತ್ತು ಕಾದಿದ್ದೀರಿ. ನಿಮ್ಮಲ್ಲಿ ಹುಡುಗಿ ಸಿದ್ಧವಾಗಿದ್ದಾಳೆ, ಹುಡುಗ ಅಮೆರಿಕದಲ್ಲಿ ಬೆಳಗಿನ ಕಾಫಿ ಹಿಡಿದು ಕೂತಿದ್ದಾನೆ. ಲ್ಯಾಪ್‌ಟಾಪನ್ನು ಪಡಸಾಲೆಯ ಟೀಪಾಯಿಯ ಮೇಲಿಡಿ. ಹುಡುಗಿಯನ್ನು ಪಡುವಣ ಕಿಟಕಿಗೆ ಬೆನ್ನು ಮಾಡಿ ಕೂರಿಸಿ, ಪರದೆಗಳನ್ನು ಪೂರ್ತಿ ಸರಿಸಿ. ಇಳಿಬಿಸಿಲಿಗೆ ಬೆಚ್ಚಿದ ಕ್ಯಾಮೆರಾ ಕಿಟಕಿಯನ್ನು ಚಂದ ತೋರಿಸಿ ಹುಡುಗಿಯನ್ನು ಕಪ್ಪಾಗಿಸುತ್ತದೆ. ಇದನ್ನೂ 'ಕ್ಯಾಮೆರಾ ಕೆಟ್ಟೈತ್ರಿ' ಎಂದೇ ಕರೆಯಿರಿ. ದೀಪದ ಕಡೆ ತಿರುಗಿ ಕೂಡವ್ವಾ ಎಂದು ಅಜ್ಜಿ ಹೇಳಿದರೆ ಅಜ್ಜಿಗೇನು ಗೊತ್ತು ಎನ್ನಿ. ಆಗ ತಮ್ಮನೊಬ್ಬ ತನ್ನ ಫೋನ್ ಹಿಡಿದು ಮುಂದೆ ಬಂದು, ಇದು 50 ಮೆಗಾಪಿಕ್ಸೆಲ್, ನಿಮ್ಮ ಲ್ಯಾಪ್‌ಟಾಪಿಂದು ಒಂದೂ ಇಲ್ಲ ಎನ್ನುತ್ತಾನೆ. ಲೆಕ್ಕ ಸರಿ, 720ಪಿ ಎಂಬ ಕ್ಯಾಮೆರಾಕ್ಕೆ ಒಂದು ಮೆಗಾಪಿಕ್ಸೆಲ್ ಕೂಡ ತುಂಬುವುದಿಲ್ಲ. ಫೋನನ್ನು ಅವನ ಕೈಗೇ ಕೊಡಿ. ಅವನು ಹುಡುಗಿ, ಫ್ಯಾನು, ಅಕ್ಕಿ ಚೀಲಗಳ ರಾಶಿ, ತನ್ನ ಮೂಗಿನ ಹೊಳ್ಳೆ, ಮತ್ತೆ ಫ್ಯಾನು ಎಂಬ ಕ್ರಮದಲ್ಲಿ ತೋರಿಸುತ್ತಾನೆ. ಅಕ್ಕಿ ಚೀಲ ಎರಡು ಸಲ ಬರಲಿ, ಸೋನಾ ಮಸೂರಿ ಎಂಬ ಅಕ್ಷರ ಓದಲು ಬರುವಂತೆ. ಅತ್ತ ಹುಡುಗನೂ "ಮೈ ಕ್ಯಾಮೆರಾ ಈಸ್ ನಾಟ್ ವರ್ಕಿಂಗ್ ಅಂಕಲ್" ಎಂದು ಕಪ್ಪು ಚೌಕವಾದರೆ ಇನ್ನು ಹೆಚ್ಚು ವಿಚಾರಿಸಬೇಡಿ. ಇಬ್ಬರದೂ ಒಂದೇ ಸಮಸ್ಯೆ. ಜಾತಕ ಕೂಡಿಸಿ, ತಾರೀಖು ನೋಡಿ.

ಕೊನೆಯದು ಕಚೇರಿಯ ಕಡತ. ವಿ.ಸಿ. ಮುಗಿದ ದಿನವೇ 'ಕ್ಯಾಮೆರಾ ಕಾರ್ಯನಿರ್ವಹಿಸದಿರುವ ಬಗ್ಗೆ' ಎಂದು ಒಂದು ಪತ್ರ ಬರೆಯಿರಿ, ಪ್ರತಿಯನ್ನು ಜಿಲ್ಲಾ ಕಚೇರಿಗೂ ಹಾಕಿ. ಮೂರು ಕೊಟೇಶನ್ ತರಿಸಿ, ಅತಿ ಕಡಿಮೆಯದಕ್ಕೆ ಮಂಜೂರಾತಿ ಕೇಳಿ. ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ಹಣ ಬಿಡುಗಡೆಯಾಗುತ್ತದೆ, ಹೊರಗಿನಿಂದ ಜೋಡಿಸುವ ಹೊಸ ವೆಬ್‌ಕ್ಯಾಮ್ ಬರುತ್ತದೆ. ಡಬ್ಬಿ ಒಡೆಯುವ ಮೊದಲು ಸ್ಟಾಕ್ ರಿಜಿಸ್ಟರಿಗೆ ಏರಿಸಿ, ಡಬ್ಬಿಯ ಮೇಲೆ ಬಿಳಿ ಬಣ್ಣದಲ್ಲಿ ನಂಬರ್ ಬರೆಸಿ. ಜೋಡಿಸಿದ ಮೇಲೆ ಸಭೆಯ ಆ್ಯಪಿನಲ್ಲಿ ಕ್ಯಾಮೆರಾ ಆಯ್ಕೆ ಮಾಡುವಾಗ ಹಳೆಯದರ ಹೆಸರನ್ನೇ ಬಿಡಿ. ಮುಂದಿನ ವಿ.ಸಿ.ಯ ವಿಷಯಸೂಚಿ ವಾಟ್ಸ್ಆ್ಯಪ್ ಗ್ರೂಪಿಗೆ ಬಂದಿರುತ್ತದೆ: ತಾಲ್ಲೂಕು ಕಚೇರಿಗಳಲ್ಲಿನ ವಿಡಿಯೊ ಕಾನ್ಫರೆನ್ಸ್ ಉಪಕರಣಗಳ ಸುಸ್ಥಿತಿ ಪರಿಶೀಲನೆ. ಲಿಂಕ್ ಒತ್ತಿ, ಎಲ್ಲರಿಗಿಂತ ಮೊದಲು ಸೇರಿ, "ಆಡಿಯೋ ಬರ್ತಾ ಇದೆ ಸರ್" ಎಂದು ಹೇಳಿ ಮ್ಯೂಟ್ ಮಾಡಿ.